ಕ್ಷಯರೋಗದ ಚಿತ್ರಗಳು: ಅಭಿವ್ಯಕ್ತಿ ಮತ್ತು ಅರಿವು

ರೋಗಗಳ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ವೈದ್ಯರ ಗ್ರಂಥಗಳನ್ನೂ ಸರಕಾರದ ವರದಿಗಳನ್ನೂ ಮರಣಗಳ ಲೆಕ್ಕವನ್ನೂ ಆಧಾರವಾಗಿಟ್ಟುಕೊಳ್ಳುವರು. ರೋಗವು ಎಲ್ಲಿ ಹಬ್ಬಿತು, ಎಷ್ಟು ಜನರನ್ನು ಬಲಿ ತೆಗೆದುಕೊಂಡಿತು ಎಂಬುದು ಇವುಗಳಿಂದ ತಿಳಿದುಬರುತ್ತದೆ. ಆದರೆ ವರ್ಷಗಟ್ಟಲೆ ರೋಗದೊಡನೆ ಬಾಳಿದವರ ಅನುಭವವೆಂತಹದು ಎಂಬುದನ್ನು ಇವು ಅಷ್ಟಾಗಿ ತಿಳಿಸವು. ಈ ಕೊರತೆಯನ್ನು ಕೆಲಮಟ್ಟಿಗೆ ತುಂಬಿಕೊಡಬಲ್ಲ ಸಾಮಗ್ರಿಗಳಲ್ಲಿ ಚಿತ್ರಕಲೆಯೂ ಒಂದು. ಕ್ಷಯರೋಗವನ್ನು ನಿದರ್ಶನವಾಗಿ ತೆಗೆದುಕೊಂಡು ಎರಡು ಬಗೆಯ ಚಿತ್ರಗಳನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ. ರೋಗವನ್ನು ತನ್ನ ಮನೆಯಲ್ಲಿಯೇ ಕಂಡ ಕಲಾವಿದನು ರಚಿಸಿದ ಚಿತ್ರ ಒಂದು ಬಗೆ. ಜನತೆಯನ್ನು ಎಚ್ಚರಿಸುವುದಕ್ಕಾಗಿ ಸಂಘಸಂಸ್ಥೆಗಳು ಹಂಚಿದ ಚಿತ್ರ ಇನ್ನೊಂದು.

ಮೊದಲು ರೋಗದ ಸ್ವರೂಪವನ್ನು ನೆನೆಯಬೇಕು. ಕ್ಷಯವು ಒಮ್ಮೆಗೇ ಬಂದು ಹೋಗುವ ವ್ಯಾಧಿಯಲ್ಲ. ತಿಂಗಳು ವರ್ಷಗಳ ಕಾಲ ಏರುತ್ತ ಇಳಿಯುತ್ತ ದೇಹವನ್ನು ಸವೆಸುವಂತಹದು. ಅದರ ರೋಗಾಣುವನ್ನು ರಾಬರ್ಟ್ ಕೋಖನು 1882ರಲ್ಲಿ ಬರ್ಲಿನ್ನಿನಲ್ಲಿ ಪ್ರಕಟಪಡಿಸಿದನು. ಆದರೆ ಅದನ್ನು ನಿಗ್ರಹಿಸಬಲ್ಲ ಮೊದಲ ಔಷಧಿಯಾದ ಸ್ಟ್ರೆಪ್ಟೊಮೈಸಿನ್ ದೊರೆತದ್ದು 1943ರಲ್ಲಿ. ನಡುವಣ ಅರುವತ್ತು ವರ್ಷಗಳಲ್ಲಿ ಕಾರಣವು ತಿಳಿದಿದ್ದರೂ ನಿಶ್ಚಿತವಾದ ಔಷಧಿಯಿರಲಿಲ್ಲ. ವಿಶ್ರಾಂತಿ, ಒಳ್ಳೆಯ ಆಹಾರ, ನಿರ್ಮಲವಾದ ಗಾಳಿ ಇವೇ ಮುಖ್ಯ ಚಿಕಿತ್ಸೆಯಾಗಿದ್ದುವು. ನಾವು ಇಲ್ಲಿ ನೋಡುವ ಚಿತ್ರಗಳಿಗೆ ಈ ಅಸಹಾಯಕತೆಯೇ ಹಿನ್ನೆಲೆ.

ನಾರ್ವೆ ದೇಶದ ಎಡ್ವರ್ಡ್ ಮುಂಕನು 1863ರಲ್ಲಿ ಜನಿಸಿದನು. ಅವನ ತಂದೆ ಸೈನ್ಯದ ವೈದ್ಯ. ಆದರೂ ಮನೆಯನ್ನು ಕ್ಷಯವು ಬಿಡಲಿಲ್ಲ. 1868ರಲ್ಲಿ ತಾಯಿಯೂ 1877ರಲ್ಲಿ ಅಕ್ಕ ಸೋಫಿಯೂ ಇದೇ ರೋಗಕ್ಕೆ ತುತ್ತಾದರು. ಅಕ್ಕನಿಗೆ ಆಗ ಹದಿನೈದು ವರ್ಷ. ಬಾಲ್ಯದಲ್ಲಿ ತಾನೂ ಕಾಯಿಲೆಯಿಂದ ನರಳಿದ್ದ ಮುಂಕನು 1885–86ರಲ್ಲಿ ‘ರೋಗಪೀಡಿತ ಬಾಲೆ’ ಎಂಬ ಚಿತ್ರವನ್ನು ರಚಿಸಿದನು. ಕೆಂಗೂದಲಿನ ಹುಡುಗಿಯೊಬ್ಬಳು ದೊಡ್ಡ ಬಿಳಿಯ ದಿಂಬಿಗೆ ಒರಗಿ ಕುಳಿತಿದ್ದಾಳೆ. ಪಕ್ಕದಲ್ಲಿರುವ ಹೆಂಗಸು ಅವಳ ಕೈಯನ್ನು ಹಿಡಿದು ತಲೆ ಬಾಗಿಸಿದ್ದಾಳೆ. ಅವಳ ಮುಖವು ನಮಗೆ ಕಾಣದು. ಬಣ್ಣವನ್ನು ಮತ್ತೆ ಮತ್ತೆ ಬಳಿದು ಕೆರೆದಿರುವ ಗುರುತುಗಳು ಚಿತ್ರದ ಮೇಲೆಲ್ಲ ಇವೆ.

ಈ ಚಿತ್ರದಲ್ಲಿ ರೋಗದ ಬಾಹ್ಯ ಲಕ್ಷಣಗಳು ಬಹು ಕಡಮೆ. ರಕ್ತವಿಲ್ಲ, ವೈದ್ಯನಿಲ್ಲ. ಇಲ್ಲಿ ಎದ್ದು ಕಾಣುವುದು ಇಬ್ಬರ ನಡುವಣ ವ್ಯತ್ಯಾಸ. ಆರೈಕೆ ಮಾಡುವವಳು ನೋಡಲಾರದೆ ತಲೆ ತಗ್ಗಿಸಿದ್ದಾಳೆ. ರೋಗಿಯಾದರೋ ತಲೆಯೆತ್ತಿ ದೃಷ್ಟಿಯನ್ನು ಮುಂದಕ್ಕೆ ಚಾಚಿದ್ದಾಳೆ. ತನ್ನ ಸ್ಥಿತಿಯನ್ನು ಬಲ್ಲವಳು ಅವಳೇ ಎಂಬಂತೆ ತೋರುತ್ತದೆ. 1886ರಲ್ಲಿ ಕ್ರಿಸ್ತಿಯಾನಿಯಾ ನಗರದ, ಎಂದರೆ ಇಂದಿನ ಓಸ್ಲೋವಿನ, ಪ್ರದರ್ಶನದಲ್ಲಿ ಇದನ್ನು ಅಪೂರ್ಣವಾದ ಕೃತಿಯೆಂದು ಹಲವರು ಹಳಿದರು. ಆದರೂ ಮುಂಕನು ಈ ವಸ್ತುವನ್ನು ಬಿಡಲಿಲ್ಲ. ಮುಂದಿನ ನಾಲ್ಕು ದಶಕಗಳಲ್ಲಿ ಇದನ್ನೇ ಹಲವು ಬಾರಿ ವರ್ಣಚಿತ್ರವಾಗಿಯೂ ಮುದ್ರಣಚಿತ್ರವಾಗಿಯೂ ರಚಿಸಿದನು. ದೀರ್ಘರೋಗದ ನೆನಪು ಮನೆಯವರನ್ನು ಎಷ್ಟು ಕಾಲ ಕಾಡುವುದೆಂಬುದಕ್ಕೆ ಈ ಪುನರಾವೃತ್ತಿಯೇ ಸಾಕ್ಷಿ.

ಎರಡನೆಯ ಬಗೆಯ ಚಿತ್ರಕ್ಕೆ ಡೆನ್ಮಾರ್ಕಿನ ಕಡೆಗೆ ತಿರುಗಬೇಕು. ಅಲ್ಲಿಯ ಅಂಚೆಯ ನೌಕರನಾದ ಐನಾರ್ ಹೋಲ್ಬೋಲನು ಹಬ್ಬದ ಪತ್ರಗಳ ಮೇಲೆ ಅಂಟಿಸಲು ಒಂದು ಚಿಕ್ಕ ಚೀಟಿಯನ್ನು ಮಾರಿ, ಆ ಹಣದಿಂದ ಕ್ಷಯಪೀಡಿತ ಮಕ್ಕಳಿಗೆ ಆಸ್ಪತ್ರೆಯನ್ನು ಕಟ್ಟಿಸಬಹುದೆಂದು ಯೋಚಿಸಿದನು. 1904ರಲ್ಲಿ ಹೊರಬಂದ ಮೊದಲ ಕ್ರಿಸ್ಮಸ್ ಸೀಲಿನ ಮೇಲೆ ರಾಣಿ ಲೂಯಿಸಳ ಚಿತ್ರವಿದ್ದಿತು. 1907ರಲ್ಲಿ ಅಮೆರಿಕದ ಎಮಿಲಿ ಬಿಸೆಲ್ ಎಂಬಾಕೆ ಇದೇ ಮಾರ್ಗವನ್ನು ಹಿಡಿದಳು. 1902ರ ಬರ್ಲಿನ್ ಸಮ್ಮೇಳನದಲ್ಲಿ ಕ್ಷಯನಿವಾರಣೆಯ ಲಾಂಛನವಾಗಿ ಸೂಚಿತವಾಗಿದ್ದ, ಎರಡು ಅಡ್ಡಪಟ್ಟಿಗಳುಳ್ಳ ಶಿಲುಬೆಯು ಕಾಲಕ್ರಮದಲ್ಲಿ ಈ ಚೀಟಿಗಳ ಗುರುತಾಯಿತು. 1939ರಲ್ಲಿ ಸ್ಥಾಪಿತವಾದ ಭಾರತ ಕ್ಷಯರೋಗ ಸಂಘವೂ ಮುಂದೆ ಇಂತಹ ಸೀಲುಗಳನ್ನು ಹೊರಡಿಸಿತು.

ಸೀಲಿನ ಶಕ್ತಿಯು ಅದರ ಅಲ್ಪ ಬೆಲೆಯಲ್ಲಿದೆ. ಚಿತ್ರಶಾಲೆಗೆ ಹೋಗದವರ ಕೈಗೂ ಅದು ತಲಪಿತು. ರೋಗದ ಹೆಸರನ್ನೇ ಎತ್ತಲು ಅಂಜುತ್ತಿದ್ದ ಮನೆಗಳಿಗೆ ಪತ್ರದೊಡನೆ ಪ್ರವೇಶಿಸಿತು. ಆದರೆ ಆ ಮೊದಲ ಸೀಲಿನಲ್ಲಿ ರಾಣಿ ಇದ್ದಳು, ರೋಗಿ ಇರಲಿಲ್ಲ. ಅದು ಆರೋಗ್ಯವಂತನು ಆರೋಗ್ಯವಂತನಿಗೆ ಕಳುಹಿಸಿದ ಸಂದೇಶ. ರೋಗಿಯು ಅಲ್ಲಿ ದಾನದ ಪಾತ್ರ ಮಾತ್ರ. ಇಂತಹ ಪ್ರಚಾರದ ಹಿಂದೆ ಜನರು ಅಜ್ಞಾನಿಗಳು, ಅವರಿಗೆ ಅರಿವನ್ನು ಉಂಟುಮಾಡಬೇಕು ಎಂಬ ನಂಬಿಕೆಯೂ ಹಲವೊಮ್ಮೆ ಅಡಗಿರುತ್ತಿತ್ತು.

ಈ ನಂಬಿಕೆಯನ್ನು ಪರೀಕ್ಷೆಗೆ ಒಡ್ಡಿದ ಒಂದು ಮುಖ್ಯ ಅಧ್ಯಯನವು ನಮ್ಮ ನಾಡಿನಲ್ಲಿಯೇ ನಡೆಯಿತು. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು ಸ್ಥಾಪಿತವಾಯಿತು. ಅಲ್ಲಿಯ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಇವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ರೋಗಿಗಳನ್ನು ಸಂದರ್ಶಿಸಿ, 1963ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಕಫದಲ್ಲಿ ರೋಗಾಣು ಕಂಡುಬಂದವರ ಪೈಕಿ ಬಹುತೇಕ ಎಲ್ಲರಿಗೂ ತಮ್ಮ ದೇಹದ ಲಕ್ಷಣಗಳ ಅರಿವಿದ್ದಿತು. ಅರ್ಧಕ್ಕೂ ಹೆಚ್ಚು ಮಂದಿ ಅದಾಗಲೇ ಚಿಕಿತ್ಸೆಯನ್ನು ಅರಸಿ ಹೋಗಿದ್ದರು. ಆದರೆ ಕಫವನ್ನು ಪರೀಕ್ಷಿಸದೆ ಕೆಮ್ಮಿನ ಔಷಧಿಯ ಸೀಸೆಯನ್ನು ಕೊಟ್ಟು ಕಳುಹಿಸುವುದೇ ಆಗಿನ ಆಸ್ಪತ್ರೆಗಳಲ್ಲಿ ವಾಡಿಕೆಯಾಗಿದ್ದಿತು. ಅರಿವು ರೋಗಿಯಲ್ಲಿದ್ದಿತು, ಅದನ್ನು ಕೇಳಿ ನಡೆಯುವ ವ್ಯವಸ್ಥೆ ಇರಲಿಲ್ಲ.

ಈ ಫಲಿತಾಂಶವನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂಕನ ಚಿತ್ರವನ್ನು ಮತ್ತೊಮ್ಮೆ ನೋಡಿದರೆ ಅದರ ಅರ್ಥವು ವಿಸ್ತಾರಗೊಳ್ಳುತ್ತದೆ. ಅಲ್ಲಿಯೂ ತಿಳಿದವಳು ರೋಗಿ. ಮುಖವನ್ನು ಮರೆಸಿಕೊಂಡವಳು ಆರೋಗ್ಯವಂತೆ. ಹಾಗೆಂದು ಪ್ರಚಾರದ ಚಿತ್ರವು ನಿಷ್ಪ್ರಯೋಜಕವೆಂದಲ್ಲ. ಚೀಟಿಯಿಂದ ಕೂಡಿದ ಹಣವು ಆಸ್ಪತ್ರೆಗಳಿಗೆ ನೆರವಾಯಿತು. ಮುಂಕನ ಚಿತ್ರವು ಆ ಕೆಲಸವನ್ನು ಮಾಡಲಾರದು. ಆದರೆ ಅರಿವೆಂಬುದು ರೋಗಿಗೆ ಮೇಲಿನಿಂದ ಕೊಡುವ ಪದಾರ್ಥವೆಂದು ಭಾವಿಸಿದಾಗ, ಚಿಕಿತ್ಸೆ ನೀಡಬೇಕಾದವರ ಅಲಕ್ಷ್ಯವು ಮರೆಯಾಗಿ ಹೋಗುತ್ತದೆ. ತಪ್ಪೆಲ್ಲವೂ ರೋಗಿಯ ತಲೆಯ ಮೇಲೆ ಬೀಳುತ್ತದೆ. ಆದುದರಿಂದ ರೋಗವನ್ನು ಕುರಿತ ಯಾವ ಚಿತ್ರವನ್ನು ಆಧಾರವಾಗಿ ಬಳಸುವಾಗಲೂ ಇತಿಹಾಸದ ವಿದ್ಯಾರ್ಥಿಯು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು: ಇದನ್ನು ರಚಿಸಿದವರಾರು? ಇದು ಯಾರಿಗೆ ತಿಳಿಸಲು ಹೊರಟಿದೆ? ಇದರಲ್ಲಿ ರೋಗಿಗೆ ದೊರೆತಿರುವ ಸ್ಥಾನವೇನು? ಆರೋಗ್ಯ ಇಲಾಖೆಗಳು ಇಂದು ಗೋಡೆಗೋಡೆಗಳ ಮೇಲೆ ಬರೆಸುತ್ತಿರುವ ಚಿತ್ರಗಳಿಗೂ ಈ ಪ್ರಶ್ನೆಗಳು ಅನ್ವಯಿಸುತ್ತವೆ.