ಬಾಟಲಿಯೊಳಗೆ ಲವಂಗದ ಘಾಟು

ಜಿ-9 ಬಾಳೆ ಬೆಳೆಸುವ ಅಂಗಾಂಶ ಕೃಷಿ ಲ್ಯಾಬಿನಲ್ಲಿ ಬಾಟಲಿಗಳನ್ನು ಬೆಳಕಿಗೆ ಹಿಡಿದು ನೋಡುವುದು ದಿನನಿತ್ಯದ ಕೆಲಸ. ಅಗರ್ ಮೇಲೆ ಹತ್ತಿಯಂಥ ಬೂಷ್ಟು ಎದ್ದಿದ್ದರೆ ಶಿಲೀಂಧ್ರ; ಸಸಿಯ ಬುಡದಲ್ಲಿ ಗಂಜಿ ಚೆಲ್ಲಿದಂಥ ಮಬ್ಬಿದ್ದರೆ ಬ್ಯಾಕ್ಟೀರಿಯಾ. ಎರಡರಲ್ಲಿ ಯಾವುದಾದರೂ ಆ ಬಾಟಲಿ ಮುಚ್ಚಳ ತೆಗೆಯದೆಯೇ ಆಟೊಕ್ಲೇವ್‌ಗೆ ಹೋಗುತ್ತದೆ.

ಸಸಿಗೆ ಬಡಿಸಿದ ಊಟವೇ ಇವನ್ನೂ ಸಾಕುತ್ತದೆ. 1962ರಲ್ಲಿ ಮುರಾಶಿಗೆ ಮತ್ತು ಸ್ಕೂಗ್ ತಂಬಾಕಿನ ಅಂಗಾಂಶಕ್ಕೆಂದು ರೂಪಿಸಿದ ಎಂ.ಎಸ್. ಮೀಡಿಯಂ ಇಂದಿಗೂ ಎಲ್ಲೆಡೆ ಬಳಕೆಯಲ್ಲಿದೆ. ಅದರಲ್ಲಿ ಲೀಟರಿಗೆ 30 ಗ್ರಾಂ ಸಕ್ಕರೆ. ಮೀಡಿಯಂ ಅನ್ನು 121 ಡಿಗ್ರಿಯಲ್ಲಿ ಬೇಯಿಸಬಹುದು, ಬಾಳೆಯ ಕಂದನ್ನು ಬೇಯಿಸಲಾಗದು. ಬ್ಲೀಚ್‌ನಲ್ಲಿ ತೊಳೆದರೆ ಮೈಮೇಲಿನದು ಹೋಗುತ್ತದೆ, ಒಳಗೆ ಅವಿತ ಬ್ಯಾಕ್ಟೀರಿಯಾ ಉಳಿಯುತ್ತದೆ. ನಾಲ್ಕೈದು ಸಲ ಬಾಟಲಿ ಬದಲಿಸಿದ ಮೇಲೆ ತಲೆ ಎತ್ತುವುದು ಅದೇ.

ಇಲ್ಲಿ ಲವಂಗ, ಓಮ, ಚಕ್ಕೆಯ ಎಣ್ಣೆಗಳು ನೆರವಿಗೆ ಬರುತ್ತವೆ. ಲವಂಗದಲ್ಲಿ ಯೂಜಿನಾಲ್, ಓಮದಲ್ಲಿ ಥೈಮಾಲ್, ಚಕ್ಕೆಯಲ್ಲಿ ಸಿನ್ನಮಾಲ್ಡಿಹೈಡ್. ನೀರಿಗಿಂತ ಕೊಬ್ಬಿನ ಕಡೆಗೇ ವಾಲುವ ಈ ಅಣುಗಳು ಸೂಕ್ಷ್ಮಜೀವಿಯ ಕೋಶದ ಪೊರೆಯಲ್ಲಿ ನುಸುಳಿ ಅದನ್ನು ಸಡಿಲಿಸುತ್ತವೆ. ಒಳಗಿನ ಪೊಟ್ಯಾಸಿಯಂ ಸೋರಿಹೋಗುತ್ತದೆ. ಹೊರಗೆ ಇನ್ನೊಂದು ಪೊರೆ ಹೊದ್ದಿರುವ ಗ್ರಾಂ ನೆಗೆಟಿವ್ ಬ್ಯಾಕ್ಟೀರಿಯಾಗಳು ಸಾಮಾನ್ಯವಾಗಿ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ.

ಆದರೆ ಪೊರೆ ಸಸಿಗೂ ಇದೆಯಲ್ಲ! ಲವಂಗದೆಣ್ಣೆಯನ್ನು ಕಳೆನಾಶಕವಾಗಿಯೂ ಮಾರುತ್ತಾರೆ ಎಂಬುದನ್ನು ಮರೆತು ‘ನೈಸರ್ಗಿಕ, ಹಾಗಾಗಿ ನಿರಪಾಯ’ ಎಂದು ಧಾರಾಳವಾಗಿ ಸುರಿದರೆ ಬೂಷ್ಟಿಗಿಂತ ಮೊದಲು ಬಾಳೆಯೇ ಕಂದುಗಟ್ಟುತ್ತದೆ. ಸೂಕ್ಷ್ಮಜೀವಿ ತಡೆಯಲಾರದ, ಸಸಿ ತಡೆಯಬಲ್ಲ ಪ್ರಮಾಣದ ಅಂತರ ಕಿರಿದು. ತಳಿಯಿಂದ ತಳಿಗೆ ಬದಲಾಗುತ್ತದೆ. ಎಣ್ಣೆಯೂ ಪ್ರತಿ ಸಲ ಒಂದೇ ತೆರನಾಗಿರುವುದಿಲ್ಲ. ಆದ್ದರಿಂದ ಬೇರೆ ಲ್ಯಾಬಿನ ಅಳತೆಯನ್ನು ಕಣ್ಣುಮುಚ್ಚಿ ನಂಬದೆ, ನಾಲ್ಕೈದು ಪ್ರಮಾಣಗಳಲ್ಲಿ ನಿಮ್ಮದೇ ಸಸಿಗಳ ಮೇಲೆ ಪರೀಕ್ಷಿಸಿ.

ಬೆರೆಸುವುದರಲ್ಲೂ ಪೇಚಿದೆ. ಮೊದಲೇ ಹಾಕಿ ಆಟೊಕ್ಲೇವ್ ಮಾಡಿದರೆ ಘಾಟೆಲ್ಲ ಹಬೆಯ ಜೊತೆ ಹಾರಿಹೋಗುತ್ತದೆ. ಮೀಡಿಯಂ ಸುಮಾರು 50 ಡಿಗ್ರಿಗೆ ಇಳಿದ ಮೇಲೆ, ಗಟ್ಟಿಯಾಗುವ ಮೊದಲು, ಸೋಸಿದ ಗಾಳಿ ಹಾಯುವ ಲ್ಯಾಮಿನಾರ್ ಪೆಟ್ಟಿಗೆಯೊಳಗೇ ಸೇರಿಸಬೇಕು. ಎಣ್ಣೆ ನೀರಿನಲ್ಲಿ ಬೆರೆಯದು; ಚೂರು ಟ್ವೀನ್-20 ಹಾಕಿ ಕಲಕಬೇಕು. ಬರೀ ಟ್ವೀನ್ ಹಾಕಿದ ಕೆಲವು ಬಾಟಲಿಗಳನ್ನೂ ಪಕ್ಕದಲ್ಲಿಡಿ, ಇಲ್ಲದಿದ್ದರೆ ಸಸಿ ಸೊರಗಿದ್ದು ಯಾವುದರಿಂದ ಎಂದು ತಿಳಿಯದು.

ಬಾಟಲಿ ಶುಭ್ರವಾಗಿ ಕಂಡಿತೆಂದು ಬೀಗುವ ಹಾಗೂ ಇಲ್ಲ. ಬ್ಯಾಕ್ಟೀರಿಯಾ ಸಾಯದೆ, ಬೆಳೆಯದೆ ಸುಮ್ಮನೆ ಕೂತಿರಬಹುದು. ಸಸಿಯ ಬುಡದ ಚೂರೊಂದನ್ನು ಎಣ್ಣೆಯಿಲ್ಲದ ನ್ಯೂಟ್ರಿಯಂಟ್ ಅಗರ್ ಮೇಲಿಟ್ಟು ಒಂದು ವಾರ ಕಾದು ನೋಡಿ. ಅಲ್ಲಿ ಮಬ್ಬು ಕಂಡರೆ ಆ ಸಾಲಿನ ಬಾಟಲಿಗಳೆಲ್ಲ ಆಟೊಕ್ಲೇವ್‌ಗೇ.