ಹವಳದ ತೊಟ್ಟಿಗೆ ಎಲ್‌ಇಡಿ ದೀಪ: ಆಯ್ಕೆ ಮತ್ತು ಹೊಂದಾಣಿಕೆ

ಮೀನಿನ ತೊಟ್ಟಿಗೆ ದೀಪವನ್ನಿಡುವುದು ಬಹುಮಟ್ಟಿಗೆ ನೋಡುವವರ ಸಂತೋಷಕ್ಕಾಗಿ. ಹವಳಗಳನ್ನು ಸಾಕುವ ತೊಟ್ಟಿಯಲ್ಲಾದರೋ ಬೆಳಕು ಆಹಾರಕ್ಕೆ ಸಮಾನವಾದುದು. ಇಂಥ ತೊಟ್ಟಿಗೆ ದೀಪವನ್ನು ಆರಿಸುವಾಗ ಯಾವ ಅಳತೆಯನ್ನು ನಂಬಬೇಕು, ಅದನ್ನು ಹೇಗೆ ಹೊಂದಿಸಬೇಕು ಎಂಬುದೇ ಪ್ರಕೃತ ಲೇಖನದ ವಿಷಯ.

ದಿಬ್ಬಗಳನ್ನು ಕಟ್ಟುವ ಹವಳವು ಸಸ್ಯವಲ್ಲ, ಪ್ರಾಣಿ. ಆದರೆ ಅದರ ಅಂಗಾಂಶಗಳೊಳಗೆ ಏಕಕೋಶದ ಪಾಚಿಗಳು ನೆಲಸಿದ್ದು, ಬೆಳಕಿನ ನೆರವಿನಿಂದ ತಾವು ತಯಾರಿಸಿದ ಆಹಾರದ ಬಹುಭಾಗವನ್ನು ಆಶ್ರಯದಾತನಿಗೆ ಒದಗಿಸುತ್ತವೆ. 1928-29ರಲ್ಲಿ ಸಿ. ಎಂ. ಯಂಗ್ ಅವರ ನಾಯಕತ್ವದಲ್ಲಿ ಆಸ್ಟ್ರೇಲಿಯದ ಮಹಾ ಹವಳದಿಬ್ಬಕ್ಕೆ ತೆರಳಿದ ತಂಡವು, ಲೋ ಐಲ್ಸ್ ದ್ವೀಪಗಳಲ್ಲಿ ಹವಳಗಳನ್ನು ಬೆಳಕು ಹೊಗದ ಪೆಟ್ಟಿಗೆಗಳಲ್ಲಿರಿಸಿ ಪರೀಕ್ಷಿಸಿತು. ಕತ್ತಲೆಯಲ್ಲಿದ್ದ ಹವಳಗಳು ಪಾಚಿಗಳನ್ನು ಕಳೆದುಕೊಂಡವು. ಬೆಳಕು ಹಠಾತ್ತಾಗಿ ಅತಿಯಾದರೂ ಪರಿಣಾಮ ಇಂಥದೇ: ಹವಳವು ಪಾಚಿಗಳನ್ನು ಹೊರದೂಡಿ ಬಿಳಿಚಿಕೊಳ್ಳುವುದು, ಆ ಸ್ಥಿತಿ ಮುಂದುವರಿದರೆ ಸಾಯುವುದು.

ದೀಪದ ಪ್ರಖರತೆಯನ್ನು ನಾವು ಸಾಮಾನ್ಯವಾಗಿ ಲಕ್ಸ್‌ಗಳಲ್ಲಿ ಅಳೆಯುತ್ತೇವೆ. ಈ ಅಳತೆಗೆ ಆಧಾರ ಮನುಷ್ಯನ ಕಣ್ಣು. ಅಂತರರಾಷ್ಟ್ರೀಯ ಪ್ರಕಾಶ ಆಯೋಗವು 1924ರಲ್ಲಿ ಅಂಗೀಕರಿಸಿದ ಪ್ರಮಾಣದಂತೆ ನಮ್ಮ ಕಣ್ಣು 555 ನ್ಯಾನೊಮೀಟರಿನ ಹಸುರು ಬೆಳಕನ್ನು ಅತ್ಯಧಿಕವಾಗಿ ಗ್ರಹಿಸುತ್ತದೆ. 450 ನ್ಯಾನೊಮೀಟರಿನ ನೀಲಿಗೆ ಅದು ಕೊಡುವ ಬೆಲೆ ನೂರಕ್ಕೆ ಸುಮಾರು ನಾಲ್ಕು ಮಾತ್ರ. ಹವಳದ ಪಾಚಿಗಳಾದರೋ ನೀಲಿಯನ್ನೇ ಚೆನ್ನಾಗಿ ಹೀರುತ್ತವೆ. ಕೆಂಪು ಬೆಳಕು ಸಮುದ್ರದ ಮೇಲ್ಪದರಗಳಲ್ಲಿಯೇ ಅಡಗಿ, ನೀಲಿಯೇ ಆಳಕ್ಕಿಳಿಯುವುದರಿಂದ ಇದು ಸಹಜವೂ ಹೌದು. ಆದಕಾರಣ ನಮಗೆ ಮಂಕಾಗಿ ತೋರುವ ನೀಲಿ ದೀಪವು ಹವಳಕ್ಕೆ ಅತಿ ಪ್ರಖರವಾಗಿರಬಹುದು. ಇಲ್ಲಿ ಸಲ್ಲುವ ಅಳತೆ ‘ಪಾರ್’ ಎಂಬುದು: 400ರಿಂದ 700 ನ್ಯಾನೊಮೀಟರುಗಳ ನಡುವಣ ಬೆಳಕಿನ ಕಣಗಳು ಒಂದು ಚದರ ಮೀಟರಿನ ಮೇಲೆ ಸೆಕೆಂಡಿಗೆ ಎಷ್ಟು ಮೈಕ್ರೊಮೋಲ್ ಬೀಳುತ್ತವೆಂಬ ಲೆಕ್ಕ. ಉಷ್ಣವಲಯದ ಮಧ್ಯಾಹ್ನದ ಬಿಸಿಲಿನಲ್ಲಿ ಇದು ಸುಮಾರು 2000.

1993ರಲ್ಲಿ ಜಪಾನಿನ ಶೂಜಿ ನಕಮುರಾ ಅವರು ಪ್ರಖರವಾದ ನೀಲಿ ಎಲ್‌ಇಡಿಯನ್ನು ಸಿದ್ಧಪಡಿಸಿದರು. ಈ ಸಾಧನೆಗಾಗಿ ಅವರಿಗೂ ಅಕಸಾಕಿ ಮತ್ತು ಅಮಾನೊ ಅವರಿಗೂ 2014ರ ಭೌತಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ಹಿಂದೆ ಬಳಕೆಯಲ್ಲಿದ್ದ ಮೆಟಲ್ ಹ್ಯಾಲೈಡ್ ದೀಪಗಳಿಗಿಂತ ಇವುಗಳ ಅನುಕೂಲವೆಂದರೆ ನೀಲಿ, ಬಿಳಿ ಬಣ್ಣಗಳನ್ನು ಬೇರೆ ಬೇರೆಯಾಗಿ ಏರಿಳಿಸಬಹುದು. ಅಪಾಯವೂ ಇಲ್ಲಿಯೇ ಇದೆ. ಬೆಳಕು ಸಾಲದೆಂದು ಕಣ್ಣು ಹೇಳಿದೊಡನೆ ಏರಿಸಿದರೆ ಹವಳವು ಬಿಳಿಚಿಕೊಳ್ಳಬಹುದು.

ದೀಪವನ್ನು ಆರಿಸುವಾಗ ಅದರ ವ್ಯಾಟ್‌ಗಿಂತ ಬೆಳಕಿನ ಹರವನ್ನು ಗಮನಿಸಬೇಕು. ಒಂದೇ ಕಡೆಯಿಂದ ಬೀಳುವ ಬೆಳಕು ಕವಲೊಡೆದ ಹವಳದ ಕೆಳಭಾಗವನ್ನು ನೆರಳಿನಲ್ಲಿಡುತ್ತದೆ. ಉದ್ದನೆಯ ತೊಟ್ಟಿಗೆ ಎರಡು ಮೂರು ದೀಪಗಳನ್ನು ಹಂಚಿ ತೂಗುಹಾಕುವುದು ಲೇಸು. ಮೆದು ಹವಳಗಳಿಗೆ ಸಾಮಾನ್ಯವಾಗಿ 50ರಿಂದ 150, ಆಕ್ರೊಪೋರದಂಥ ಕವಲು ಹವಳಗಳಿಗೆ 200ರಿಂದ 350 ಮೈಕ್ರೊಮೋಲ್ ಸಾಕಾಗುವುದು. ಅಳತೆಯನ್ನು ನೀರಿನೊಳಗೆ, ಹವಳವಿರುವ ಸ್ಥಳದಲ್ಲಿಯೇ, ನೀಲಿಯನ್ನು ಸರಿಯಾಗಿ ಗ್ರಹಿಸುವ ಮಾಪಕದಿಂದ ತೆಗೆಯಬೇಕು.

ಹೊಸ ದೀಪವನ್ನು ಉದ್ದೇಶಿತ ಪ್ರಮಾಣದ ಅರ್ಧದಿಂದ ಆರಂಭಿಸಿ, ಮೂರು ನಾಲ್ಕು ವಾರಗಳಲ್ಲಿ ಕ್ರಮವಾಗಿ ಏರಿಸುವುದು ಕ್ಷೇಮ. ದಿನಕ್ಕೆ ಎಂಟರಿಂದ ಹತ್ತು ಗಂಟೆಗಳ ಬೆಳಕು ಸಾಕು. ಹವಳವು ಕಂದು ಬಣ್ಣಕ್ಕೆ ತಿರುಗಿದರೆ ಬೆಳಕು ಕಡಿಮೆಯಾಗಿರಬಹುದು. ಬಣ್ಣಗೆಟ್ಟು ಬೆಳ್ಳಗಾದರೆ ಹೆಚ್ಚಾಗಿರಬಹುದು. ನೀರಿನ ಉಷ್ಣತೆಯಿಂದಲೂ ಬಿಳಿಚಿಕೆಯುಂಟಾಗುವುದರಿಂದ ಮೊದಲು ಅದನ್ನು ಪರೀಕ್ಷಿಸಿ, ಒಂದು ಸಲಕ್ಕೆ ಒಂದನ್ನೇ ಬದಲಿಸತಕ್ಕದ್ದು.

ಲಕ್ಸ್ ಎಂಬುದು ತಪ್ಪು ಅಳತೆಯಲ್ಲ. ಅದು ಓದುವ ಕೋಣೆಗೂ ಬೀದಿಗೂ ಸಲ್ಲುವ ಅಳತೆ. ಯಾವ ಮಾನವನ್ನಾದರೂ ಬಳಸುವ ಮುನ್ನ ಅದು ಯಾರ ಅಗತ್ಯಕ್ಕಾಗಿ ಏರ್ಪಟ್ಟಿತೆಂದು ವಿಚಾರಿಸುವುದು ಇತಿಹಾಸದ ವಿದ್ಯಾರ್ಥಿಗೆ ರೂಢಿ. ಹವಳವನ್ನು ಸಾಕುವವನಿಗೂ ಆ ರೂಢಿ ಅಷ್ಟೇ ಪ್ರಯೋಜನಕರ.