ವಿದೇಶದಲ್ಲಿ ರತ್ನ ಖರೀದಿ ಮತ್ತು ಸುಂಕದ ವಿಧಿವಿಧಾನಗಳು

ವಿದೇಶದಲ್ಲಿ ಕೊಂಡ ರತ್ನವನ್ನು ಭಾರತಕ್ಕೆ ತರುವ ಪ್ರಕ್ರಿಯೆಯು ಎರಡು ದೇಶಗಳ ಕಾನೂನಿಗೆ ಒಳಪಟ್ಟಿರುತ್ತದೆ. ಮಾರಾಟವಾದ ದೇಶದಲ್ಲಿ ರಫ್ತಿನ ಅನುಮತಿ, ಭಾರತದಲ್ಲಿ ಆಮದಿನ ಘೋಷಣೆ ಮತ್ತು ಸುಂಕ ಪಾವತಿ ಇದರ ಮುಖ್ಯ ಹಂತಗಳು. ಹಣ ಕೊಟ್ಟು ಕೊಂಡವರಿಗೆ ರತ್ನದ ಒಡೆತನ ದೊರೆಯುತ್ತದೆಯೇ ಹೊರತು ಅದನ್ನು ಗಡಿ ದಾಟಿಸುವ ಹಕ್ಕು ತಾನಾಗಿ ದೊರೆಯುವುದಿಲ್ಲ. ಅಸಲಿ ರತ್ನವೂ ಸೂಕ್ತ ದಾಖಲೆಗಳಿಲ್ಲದಿದ್ದರೆ ಮುಟ್ಟುಗೋಲಿಗೆ ಗುರಿಯಾಗಬಹುದು.

ಬೆಂಗಳೂರಿನ ಹಿನ್ನೆಲೆ

ಬೆಂಗಳೂರಿನ ಹಳೆಯ ಪೇಟೆಯ ಅವೆನ್ಯೂ ರಸ್ತೆ, ಚಿಕ್ಕಪೇಟೆ ಮತ್ತು ನಗರ್ತಪೇಟೆಗಳು ಚಿನ್ನ, ಬೆಳ್ಳಿ ಹಾಗೂ ಹರಳುಗಳ ವ್ಯಾಪಾರಕ್ಕೆ ಹೆಸರಾಗಿವೆ. 1892ರಲ್ಲಿ ರೂಪುಗೊಂಡ ಚಾಮರಾಜಪೇಟೆ, 1898ರ ಪ್ಲೇಗ್ ಪಿಡುಗಿನ ಕಾಲದಲ್ಲಿ ಬೆಳೆದ ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳಲ್ಲೂ ಮುಂದೆ ಒಡವೆಯ ಅಂಗಡಿಗಳು ತಲೆಯೆತ್ತಿದವು. ಇಲ್ಲಿ ಹರಳಿನ ಬೇಡಿಕೆಗೆ ಆಭರಣದ ಅಭಿರುಚಿಯೊಂದಿಗೆ ನವಗ್ರಹಗಳ ನಂಬಿಕೆಯೂ ಕಾರಣವಾಗಿದೆ. ಸೂರ್ಯನಿಗೆ ಮಾಣಿಕ್ಯ, ಚಂದ್ರನಿಗೆ ಮುತ್ತು, ಕುಜನಿಗೆ ಹವಳ, ಬುಧನಿಗೆ ಪಚ್ಚೆ, ಗುರುವಿಗೆ ಪುಷ್ಯರಾಗ, ಶುಕ್ರನಿಗೆ ವಜ್ರ, ಶನಿಗೆ ನೀಲ, ರಾಹುವಿಗೆ ಗೋಮೇಧಿಕ, ಕೇತುವಿಗೆ ವೈಡೂರ್ಯ ಎಂಬುದು ಸಂಪ್ರದಾಯದ ಕ್ರಮ.

ಈ ರತ್ನಗಳಲ್ಲಿ ಹಲವು ಹೊರದೇಶಗಳಿಂದ ಬರುತ್ತವೆ. ನೀಲ, ಪುಷ್ಯರಾಗ ಮತ್ತು ವೈಡೂರ್ಯಗಳಿಗೆ ಶ್ರೀಲಂಕಾದ ರತ್ನಪುರ ಪ್ರದೇಶ, ಮಾಣಿಕ್ಯಕ್ಕೆ ಮ್ಯಾನ್ಮಾರ್‌ನ ಮೊಗೊಕ್, ಪಚ್ಚೆಗೆ ಕೊಲಂಬಿಯಾ ಮತ್ತು ಜಾಂಬಿಯಾ ಪ್ರಸಿದ್ಧವಾಗಿವೆ. ಆದ್ದರಿಂದ ಪ್ರವಾಸಕ್ಕೆ ಹೋದವರು ಮೂಲಸ್ಥಾನದಲ್ಲೇ ಹರಳು ಕೊಳ್ಳುವುದು ಸಾಮಾನ್ಯವಾಗಿದೆ.

ರಫ್ತು ಮಾಡುವ ದೇಶದ ನಿಯಮಗಳು

ಶ್ರೀಲಂಕಾದಲ್ಲಿ 1993ರ 50ನೇ ಸಂಖ್ಯೆಯ ಕಾಯ್ದೆಯಡಿ ಸ್ಥಾಪಿತವಾದ ರಾಷ್ಟ್ರೀಯ ರತ್ನ ಮತ್ತು ಆಭರಣ ಪ್ರಾಧಿಕಾರವು ಗಣಿಗಾರಿಕೆ, ವ್ಯಾಪಾರ ಹಾಗೂ ರಫ್ತುಗಳನ್ನು ನಿಯಂತ್ರಿಸುತ್ತದೆ. ರತ್ನ ವ್ಯಾಪಾರಿಗಳು ಅದರಿಂದ ಪರವಾನಗಿ ಪಡೆದಿರಬೇಕು. ರಫ್ತಿನ ರತ್ನಗಳ ಪರಿಶೀಲನೆ ಮತ್ತು ಮೌಲ್ಯ ನಿರ್ಣಯವೂ ಈ ಪ್ರಾಧಿಕಾರದ ಮೂಲಕ ನಡೆಯುತ್ತದೆ. ಪರವಾನಗಿಯಿಲ್ಲದ ದಲ್ಲಾಳಿಯಿಂದ ಕೊಂಡ ಹರಳಿಗೆ ರಸೀದಿಯಾಗಲಿ ರಫ್ತು ದಾಖಲೆಯಾಗಲಿ ದೊರೆಯುವುದು ಕಷ್ಟ.

ಕೆಲವು ದೇಶಗಳು ಕಚ್ಚಾ ಹರಳು ಹೊರಹೋಗುವುದನ್ನು ತಡೆದು, ಕತ್ತರಿಸಿ ಹೊಳಪು ನೀಡುವ ಕೆಲಸವನ್ನು ತಮ್ಮಲ್ಲೇ ಉಳಿಸಿಕೊಳ್ಳುತ್ತವೆ. ತಾಂಜಾನಿಯಾ 2010ರಲ್ಲಿ ಒಂದು ಗ್ರಾಮ್‌ಗಿಂತ ಹೆಚ್ಚು ತೂಕದ ಕಚ್ಚಾ ತಾಂಜನೈಟ್ ರಫ್ತನ್ನು ನಿಷೇಧಿಸಿತು. ಕಚ್ಚಾ ವಜ್ರಗಳಿಗೆ 2003ರಲ್ಲಿ ಜಾರಿಗೆ ಬಂದ ಕಿಂಬರ್ಲಿ ಪ್ರಕ್ರಿಯೆ ಅನ್ವಯಿಸುತ್ತದೆ. ಇದರ ಪ್ರಕಾರ ಪ್ರತಿಯೊಂದು ರವಾನೆಯೂ ಮೊಹರು ಮಾಡಿದ ಪೆಟ್ಟಿಗೆಯಲ್ಲಿ, ಸರ್ಕಾರಿ ಪ್ರಮಾಣಪತ್ರದೊಂದಿಗೆ ಸಾಗಬೇಕು. ಭಾರತದಲ್ಲಿ ಈ ಪ್ರಮಾಣಪತ್ರದ ಕೆಲಸವನ್ನು 1966ರಲ್ಲಿ ಸ್ಥಾಪನೆಯಾದ ರತ್ನ ಮತ್ತು ಆಭರಣ ರಫ್ತು ಉತ್ತೇಜನ ಮಂಡಳಿ ನಿರ್ವಹಿಸುತ್ತದೆ. ಕತ್ತರಿಸಿ ಹೊಳಪು ನೀಡಿದ ವಜ್ರಗಳಿಗೆ ಈ ವ್ಯವಸ್ಥೆ ಅನ್ವಯಿಸುವುದಿಲ್ಲ.

ಭಾರತದಲ್ಲಿ ವರ್ಗೀಕರಣ

ಸುಂಕದ ದರವು ವಸ್ತುವಿನ ಶೀರ್ಷಿಕೆ ಸಂಖ್ಯೆಯನ್ನು ಅವಲಂಬಿಸಿದೆ. 1975ರ ಸುಂಕ ದರ ಕಾಯ್ದೆಯ 71ನೇ ಅಧ್ಯಾಯದಲ್ಲಿ ಮುತ್ತುಗಳು 7101, ವಜ್ರಗಳು 7102, ಮಾಣಿಕ್ಯ, ನೀಲ, ಪಚ್ಚೆ ಮೊದಲಾದ ಇತರ ರತ್ನಗಳು 7103, ಕೃತಕ ಹರಳುಗಳು 7104, ಆಭರಣಗಳು 7113 ಶೀರ್ಷಿಕೆಯಡಿ ಬರುತ್ತವೆ. ಆದ್ದರಿಂದ ಬಿಡಿ ಹರಳಿಗೂ ಅದೇ ಹರಳನ್ನು ಕೂರಿಸಿದ ಚಿನ್ನದ ಉಂಗುರಕ್ಕೂ ಬೇರೆ ಬೇರೆ ದರಗಳು ಅನ್ವಯಿಸಬಹುದು.

ನವರತ್ನಗಳಲ್ಲಿ ಒಂದಾದ ಹವಳವು ಈ ಅಧ್ಯಾಯದಲ್ಲಿಲ್ಲ. ಸಂಸ್ಕರಿಸದ ಹವಳ 0508, ಕೆತ್ತಿದ ಹವಳ 9601 ಶೀರ್ಷಿಕೆಗೆ ಸೇರುತ್ತದೆ. ಹವಳವು ಜೀವಿಜನ್ಯ ವಸ್ತುವಾದ್ದರಿಂದ ವನ್ಯಜೀವಿ ಕಾನೂನುಗಳೂ ಅನ್ವಯಿಸಬಹುದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಹಲವು ಬಗೆಯ ಹವಳಗಳಿಗೆ ರಕ್ಷಣೆ ನೀಡಿದೆ. ಪೆಸಿಫಿಕ್ ಸಾಗರದ ನಾಲ್ಕು ಪ್ರಭೇದಗಳ ಕೆಂಪು ಹಾಗೂ ಗುಲಾಬಿ ಹವಳಗಳು 2008ರಲ್ಲಿ ಚೀನಾದ ಕೋರಿಕೆಯಂತೆ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಮೂರನೆಯ ಅನುಬಂಧಕ್ಕೆ ಸೇರಿವೆ.

ತರುವ ಮಾರ್ಗಗಳು

ಪ್ರಯಾಣಿಕರ ಸಾಮಾನು: ವೈಯಕ್ತಿಕ ಬಳಕೆಯ ಹರಳನ್ನು ಪ್ರಯಾಣಿಕರು ತಮ್ಮೊಂದಿಗೆ ತರಬಹುದು. 1962ರ ಸುಂಕ ಕಾಯ್ದೆಯ 77ನೇ ಪ್ರಕರಣದಂತೆ ಸಾಮಾನಿನ ವಿವರವನ್ನು ಅಧಿಕಾರಿಗೆ ಘೋಷಿಸಬೇಕು. 2016ರ ಬ್ಯಾಗೇಜ್ ನಿಯಮಗಳು ಹೆಚ್ಚಿನ ದೇಶಗಳಿಂದ ಬರುವ ನಿವಾಸಿಗಳಿಗೆ 50,000 ರೂಪಾಯಿ, ನೇಪಾಳ, ಭೂತಾನ್ ಮತ್ತು ಮ್ಯಾನ್ಮಾರ್‌ಗಳಿಂದ ಬರುವವರಿಗೆ 15,000 ರೂಪಾಯಿ ಸುಂಕರಹಿತ ಮಿತಿಯನ್ನು ನಿಗದಿಪಡಿಸಿದ್ದವು. ಇಂತಹ ಮಿತಿಗಳು ಅಧಿಸೂಚನೆಗಳ ಮೂಲಕ ಬದಲಾಗುವುದರಿಂದ ಭಾರತಕ್ಕೆ ಮರಳುವ ದಿನ ಜಾರಿಯಲ್ಲಿರುವ ನಿಯಮವೇ ಮುಖ್ಯ. ಮಿತಿ ಮೀರಿದ ವಸ್ತುವನ್ನು ಹೊಂದಿರುವವರು ಕೆಂಪು ಮಾರ್ಗದಲ್ಲಿ ಸಾಗಬೇಕು; ಹಸಿರು ಮಾರ್ಗದಲ್ಲಿ ನಡೆದರೆ ಘೋಷಿಸಬೇಕಾದ ವಸ್ತು ಇಲ್ಲವೆಂದು ಹೇಳಿದಂತಾಗುತ್ತದೆ.

ಕೊರಿಯರ್ ಮತ್ತು ಅಂಚೆ: ಮಾರಾಟಗಾರರು ಕಳುಹಿಸಿದ ಪೊಟ್ಟಣದಲ್ಲಿ ಹರಳಿನ ಹೆಸರು, ಕ್ಯಾರೆಟ್ ತೂಕ ಮತ್ತು ನಿಜವಾದ ಬೆಲೆ ನಮೂದಾಗಿರಬೇಕು. ಸುಂಕ ಉಳಿಸಲೆಂದು ಬೆಲೆಯನ್ನು ಕಡಿಮೆ ಬರೆದರೆ ಅದು ಕೊಂಡವರಿಗೇ ಮುಳುವಾಗುತ್ತದೆ. ಪೊಟ್ಟಣ ಕಳೆದರೂ ನಮೂದಿಸಿದ ಬೆಲೆಯಷ್ಟೇ ಪರಿಹಾರಕ್ಕೆ ಆಧಾರವಾಗಬಹುದು. ಅಂತರರಾಷ್ಟ್ರೀಯ ಅಂಚೆ ನಿಯಮಗಳು ವಿಮೆಯಿಲ್ಲದ ಸಾಮಾನ್ಯ ಅಂಚೆಯಲ್ಲಿ ರತ್ನ ಕಳುಹಿಸುವುದನ್ನು ಒಪ್ಪುವುದಿಲ್ಲ.

ವಾಣಿಜ್ಯ ಆಮದು: ಮಾರಾಟಕ್ಕಾಗಿ ತರುವವರಿಗೆ 1992ರ ವಿದೇಶಿ ವ್ಯಾಪಾರ ಕಾಯ್ದೆಯ ಪ್ರಕಾರ ಆಮದು-ರಫ್ತು ಸಂಕೇತ ಸಂಖ್ಯೆ ಬೇಕು. ಅದನ್ನು ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯ ನೀಡುತ್ತದೆ. ಅದರ ಬೆಂಗಳೂರು ಕಚೇರಿ ಕೋರಮಂಗಲದ ಕೇಂದ್ರೀಯ ಸದನದಲ್ಲಿದೆ. ವ್ಯಾಪಾರಕ್ಕೆ ಸಂಬಂಧಿಸದ ವೈಯಕ್ತಿಕ ಆಮದಿಗೆ ಈ ಸಂಖ್ಯೆಯ ಅಗತ್ಯವಿಲ್ಲ. ವಾಣಿಜ್ಯ ಸರಕಿಗೆ 46ನೇ ಪ್ರಕರಣದ ಬಿಲ್ ಆಫ್ ಎಂಟ್ರಿ ಸಲ್ಲಿಸಬೇಕು. ಬೆಂಗಳೂರು ಸೇರಿದಂತೆ ನಿರ್ದಿಷ್ಟ ವಿಮಾನ ನಿಲ್ದಾಣಗಳಲ್ಲಿ ವ್ಯಾಪಾರದ ರತ್ನಗಳನ್ನು ಖುದ್ದಾಗಿ ಕೈಯಲ್ಲಿ ತರಲೂ ಅವಕಾಶವಿದೆ. ಆಗಲೂ ಅವು ಪ್ರಯಾಣಿಕರ ಸಾಮಾನೆಂದು ಪರಿಗಣಿತವಾಗುವುದಿಲ್ಲ.

ಹಣ ಪಾವತಿ ಮತ್ತು ಮೌಲ್ಯ ನಿರ್ಣಯ

ವಿದೇಶಕ್ಕೆ ಕಳುಹಿಸುವ ಹಣವು 1999ರ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆಗೆ ಒಳಪಟ್ಟಿದೆ. ಭಾರತೀಯ ರಿಸರ್ವ್ ಬ್ಯಾಂಕ್ 2004ರಲ್ಲಿ ಆರಂಭಿಸಿದ ಉದಾರೀಕೃತ ಹಣ ರವಾನೆ ಯೋಜನೆಯಡಿ ನಿವಾಸಿ ವ್ಯಕ್ತಿಯು ಒಂದು ಆರ್ಥಿಕ ವರ್ಷದಲ್ಲಿ 2,50,000 ಡಾಲರ್‌ವರೆಗೆ ಕಳುಹಿಸಬಹುದು. ಬ್ಯಾಂಕಿನ ಮೂಲಕ ಪಾವತಿಸಿದರೆ ಕೊಟ್ಟ ಬೆಲೆಗೆ ಸ್ವತಂತ್ರ ಪುರಾವೆ ಉಳಿಯುತ್ತದೆ.

ರತ್ನಕ್ಕೆ ಚಿನ್ನದಂತೆ ದಿನದ ನಿಗದಿತ ದರವಿಲ್ಲ. ಬಣ್ಣ, ಶುದ್ಧತೆ, ಕತ್ತರಿಸಿದ ರೀತಿ, ತೂಕ, ಮೂಲಸ್ಥಾನ ಹಾಗೂ ಕಾಯಿಸಿ ಬಣ್ಣ ಹೆಚ್ಚಿಸಲಾಗಿದೆಯೇ ಎಂಬುದರ ಮೇಲೆ ಬೆಲೆ ನಿಲ್ಲುತ್ತದೆ. ಸುಂಕ ಕಾಯ್ದೆಯ 14ನೇ ಪ್ರಕರಣದಂತೆ ಸಾಮಾನ್ಯವಾಗಿ ವಾಸ್ತವವಾಗಿ ಕೊಟ್ಟ ಬೆಲೆಯೇ ಮೌಲ್ಯಕ್ಕೆ ಆಧಾರ. ಆ ಬೆಲೆಯ ಬಗ್ಗೆ ಅನುಮಾನ ಬಂದರೆ ಅಧಿಕಾರಿಗಳು 2007ರ ಮೌಲ್ಯ ನಿರ್ಣಯ ನಿಯಮಗಳಂತೆ ವಿವರಣೆ ಕೇಳಬಹುದು. ರಸೀದಿ, ಬ್ಯಾಂಕ್ ದಾಖಲೆ, ಪ್ರಯೋಗಾಲಯದ ಪ್ರಮಾಣಪತ್ರ ಮತ್ತು ರಫ್ತು ಪತ್ರಗಳಲ್ಲಿ ತೂಕ ಹಾಗೂ ಬೆಲೆ ಒಂದಕ್ಕೊಂದು ತಾಳೆಯಾಗದಿದ್ದಾಗ ತೊಂದರೆ ಆರಂಭವಾಗುತ್ತದೆ. ಪ್ರಯೋಗಾಲಯದ ಪ್ರಮಾಣಪತ್ರವು ಹರಳಿನ ಗುಣವನ್ನು ಸಾರುತ್ತದೆ. ಅದು ಬೆಲೆಗಾಗಲಿ ಕಾನೂನುಬದ್ಧ ಆಮದಿಗಾಗಲಿ ಪುರಾವೆಯಲ್ಲ.

ಮುಟ್ಟುಗೋಲು ಮತ್ತು ಮೇಲ್ಮನವಿ

ಘೋಷಿಸದ ಅಥವಾ ತಪ್ಪಾಗಿ ಘೋಷಿಸಿದ ವಸ್ತುವನ್ನು 111ನೇ ಪ್ರಕರಣದಡಿ ಮುಟ್ಟುಗೋಲು ಹಾಕಿಕೊಳ್ಳಬಹುದು. ಅದಕ್ಕೆ ಮೊದಲು 124ನೇ ಪ್ರಕರಣದಂತೆ ಮಾಲೀಕರಿಗೆ ಕಾರಣ ತಿಳಿಸಿ, ವಾದ ಮಂಡಿಸಲು ಅವಕಾಶ ಕೊಡಬೇಕು. ನಿಷೇಧಿತವಲ್ಲದ ವಸ್ತುವಾದರೆ ದಂಡ ತೆತ್ತು ಬಿಡಿಸಿಕೊಳ್ಳುವ ಆಯ್ಕೆಯನ್ನು 125ನೇ ಪ್ರಕರಣ ಒದಗಿಸುತ್ತದೆ. ದಂಡದ ಜೊತೆಗೆ ಸುಂಕವನ್ನೂ ಕಟ್ಟಬೇಕು. ಆದೇಶವನ್ನು ಒಪ್ಪದವರು 60 ದಿನಗಳೊಳಗೆ ಮೇಲ್ಮನವಿ ಆಯುಕ್ತರ ಮೊರೆ ಹೋಗಬಹುದು. ಪ್ರಯಾಣಿಕರ ಸಾಮಾನಿನ ಪ್ರಕರಣಗಳಲ್ಲಿ ಅದರ ನಂತರದ ಪುನರ್‌ಪರಿಶೀಲನಾ ಅರ್ಜಿಯನ್ನು ಕೇಂದ್ರ ಸರ್ಕಾರಕ್ಕೆ ಸಲ್ಲಿಸಬೇಕೇ ವಿನಾ ಸುಂಕ ನ್ಯಾಯಮಂಡಳಿಗಲ್ಲ. ಅಧಿಕಾರಿಯಿಂದ ಪಡೆದ ಲಿಖಿತ ರಸೀದಿ ಈ ಎಲ್ಲ ಹಂತಗಳಲ್ಲೂ ಆಧಾರವಾಗುತ್ತದೆ.

ಒಡವೆಯನ್ನು ಹೊರದೇಶಕ್ಕೆ ಒಯ್ಯುವಾಗ

ವಿದೇಶದಲ್ಲಿರುವ ಮಕ್ಕಳ ಮನೆಗೆ ಹೋಗುವವರು ಬೆಲೆಬಾಳುವ ಹರಳಿನ ಒಡವೆ ಧರಿಸಿ ಹೊರಟರೆ, ಮರಳುವಾಗ ಅದು ಹೊರಗೆ ಕೊಂಡದ್ದೆಂಬ ಸಂಶಯ ಬರಬಹುದು. ಇದನ್ನು ತಪ್ಪಿಸಲು ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಹೊರಡುವ ಮುನ್ನವೇ ಸುಂಕ ಅಧಿಕಾರಿಗಳಿಂದ ರಫ್ತು ಪ್ರಮಾಣಪತ್ರ ಪಡೆಯಬಹುದು. ಅದರಲ್ಲಿ ನಮೂದಾದ ಒಡವೆಯನ್ನು ಸುಂಕವಿಲ್ಲದೆ ವಾಪಸು ತರಬಹುದು.

ತಲುಪುವ ದೇಶದ ನಿರ್ಬಂಧಗಳನ್ನೂ ತಿಳಿದಿರಬೇಕು. ಅಮೆರಿಕವು 2008ರ ಕಾಯ್ದೆಯ ಮೂಲಕ ಮ್ಯಾನ್ಮಾರ್‌ನ ಮಾಣಿಕ್ಯಗಳ ಆಮದನ್ನು, ಅವು ಮೂರನೆಯ ದೇಶದಲ್ಲಿ ಕತ್ತರಿಸಲ್ಪಟ್ಟಿದ್ದರೂ, ನಿರ್ಬಂಧಿಸಿತ್ತು. ಈ ನಿರ್ಬಂಧವನ್ನು 2016ರಲ್ಲಿ ತೆಗೆಯಲಾಯಿತು. ಹರಳಿನ ಮೂಲಸ್ಥಾನವನ್ನು ತಿಳಿಸುವ ದಾಖಲೆಯನ್ನು ಖರೀದಿಯ ನಂತರವೂ ಕಾಪಾಡಿಕೊಳ್ಳುವುದು ಇಂತಹ ಸಂದರ್ಭಗಳಲ್ಲಿ ನೆರವಾಗುತ್ತದೆ.